ಬಾಚಣಿಗೆಗೆ ಬಂದ ಕೂದಲಿನ ಬುಡ ನೋಡಿ

(ಮಂಡ್ಯದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಆಡುಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನ ಮುದ್ದೆ ಊಟ ಮುಗಿಸಿ ಬಂದು ಕೂತಿದ್ದೀರಿ, ಕಣ್ಣು ಎಳೆದರೆ ತಪ್ಪೇನಿಲ್ಲ. ಆದರೂ ಇವತ್ತು ಯಾರೂ ತೂಕಡಿಸಲ್ಲ ಅನ್ನೋ ಧೈರ್ಯ ನನಗಿದೆ. ಬಿ.ಪಿ. ಬಗ್ಗೆ ಮಾತಾಡೋಕೆ ಕರೆದಾಗ ಹಿಂದಿನ ಕುರ್ಚಿಗಳೆಲ್ಲ ಖಾಲಿ ಇರ್ತವೆ. ತಲೆಗೂದಲು ಅಂದರೆ ನಿಂತುಕೊಂಡಾದರೂ ಕೇಳ್ತಾರೆ.

ಸಭೆ ಏರ್ಪಾಡು ಮಾಡಿದವರು ನನಗೆ ಕೊಟ್ಟ ಪ್ರಶ್ನೆ ಇಷ್ಟೇ: ಪದೇ ಪದೇ ತಲೆ ಬಾಚಿದರೆ ಕೂದಲಿಗೆ ಕೆಟ್ಟದ್ದಾ? ಈ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ಪಂಗಡ ಇವೆ. ಒಂದು ಪಂಗಡ "ಬಾಚಿದಷ್ಟೂ ಉದುರುತ್ತೆ" ಅಂತ ಬಾಚಣಿಗೆ ಕಂಡರೆ ಹೆದರುತ್ತೆ. ಇನ್ನೊಂದು ಪಂಗಡ "ಮಲಗೋ ಮುಂಚೆ ನೂರು ಸಲ ಬಾಚು, ರಕ್ತ ಓಡಾಡಿ ಕೂದಲು ಬೆಳೆಯುತ್ತೆ" ಅನ್ನುತ್ತೆ. ಅತ್ತೆ ಒಂದು ಪಂಗಡ, ಸೊಸೆ ಇನ್ನೊಂದು ಪಂಗಡ ಆಗಿರೋ ಮನೆಗಳೂ ನನಗೆ ಗೊತ್ತು. ಇಬ್ಬರೂ ಜೊತೆಯಲ್ಲೇ ಕ್ಲಿನಿಕ್ಕಿಗೆ ಬಂದು, ಚರ್ಮದ ಡಾಕ್ಟರನ್ನ ಪಂಚಾಯ್ತಿಗೆ ಕೂರಿಸಿದ್ದೂ ಉಂಟು.

ತೀರ್ಪು ಹೇಳೋ ಮುಂಚೆ ಸಾಕ್ಷಿ ನೋಡಬೇಕಲ್ಲ. ಸಾಕ್ಷಿಯನ್ನ ನೀವೇ ತರ್ತೀರಿ. ನಮ್ಮಲ್ಲಿಗೆ ಬರೋ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಬ್ಯಾಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೀತಾರೆ. ಪೇಟೆ ಬೀದಿಯ ಯಾವುದೋ ಬಟ್ಟೆ ಅಂಗಡಿ ಕವರ್ರು, ಒಳಗೆ ಒಂದು ವಾರ ಕೂಡಿಟ್ಟ ಕೂದಲಿನ ಉಂಡೆ. "ನೋಡಿ ಡಾಕ್ಟ್ರೇ, ತಲೆ ಬಾಚೋಕೇ ಭಯ ಆಯ್ತದೆ. ಬಾಚಣಿಗೆ ಇಟ್ರೆ ಸಾಕು, ಬೇರು ಸಮೇತ ಕಿತ್ಕೊಂಡು ಬತ್ತದೆ." ಇದನ್ನ ಹೇಳುವಾಗ ಕಣ್ಣಲ್ಲಿ ನೀರು ತುಂಬಿರುತ್ತೆ. ನಗುವ ವಿಷಯ ಖಂಡಿತ ಅಲ್ಲ ಇದು.

ಆ ಉಂಡೆಯಿಂದ ಒಂದು ಎಳೆ ಬಿಡಿಸಿ ನಾನು ಕರಿ ಬಟ್ಟೆ ಮೇಲೆ ಇಡ್ತೀನಿ. ಬಿಳಿ ಹಾಳೆ ಮೇಲಿಟ್ಟರೆ ಬುಡ ಕಾಣಲ್ಲ, ಅದಕ್ಕೆ ಕರಿ ಬಟ್ಟೆ. ಎರಡೂ ತುದಿಯನ್ನ ಬೆಳಕಿಗೆ ಹಿಡಿದು ನೋಡ್ತೀನಿ. ಒಂದು ತುದಿಯಲ್ಲಿ ಗುಂಡುಸೂಜಿಯ ತಲೆಗಿಂತಲೂ ಸಣ್ಣದಾದ ಒಂದು ಬಿಳಿ ಗಂಟು ಕಂಡರೆ, ಆ ಕೂದಲು ಬುಡದಿಂದ ಬಂದದ್ದು. ಎರಡೂ ತುದಿಯಲ್ಲಿ ಗಂಟೇ ಇಲ್ಲ, ಎಳೆಯೂ ಗಿಡ್ಡಕ್ಕಿದೆ ಅಂದರೆ ಅದು ನಡುವೆ ಎಲ್ಲೋ ತುಂಡಾದದ್ದು. ಇವತ್ತು ನಾನು ಹೇಳಬೇಕಾದ್ದೆಲ್ಲ ಈ ಗಂಟು ಇದೆಯೋ ಇಲ್ಲವೋ ಅನ್ನೋದರ ಮೇಲೆ ನಿಂತಿದೆ. ಉದುರೋದು ಬೇರೆ, ಮುರಿಯೋದು ಬೇರೆ. ಬಾಚಣಿಗೆ ಮಾಡೋ ತಪ್ಪು ಏನಿದ್ದರೂ ಹೆಚ್ಚಿನ ಪಾಲು ಎರಡನೆಯದರಲ್ಲಿ. ನಾವು ಬೈಯೋದು ಮಾತ್ರ ಮೊದಲನೆಯದಕ್ಕೆ.

ಮೊದಲು ಆ ಬಿಳಿ ಗಂಟಿನ ಭಯ ಬಿಡಿಸಿಬಿಡ್ತೀನಿ. ಅದು ಬೇರು ಅಲ್ಲ. ಬೇರು ಅಂತ ನೀವು ಯಾವುದನ್ನ ಅಂದುಕೊಂಡಿದ್ದೀರೋ ಆ ರೋಮಕೂಪ ಚರ್ಮದ ಒಳಗೇ ಇದೆ, ಎಲ್ಲಿಗೂ ಹೋಗಿಲ್ಲ. ನಮ್ಮ ತಲೆಯಲ್ಲಿ ಇಂಥವು ಸುಮಾರು ಒಂದು ಲಕ್ಷ ಇವೆ. ಒಂದೊಂದೂ ತನ್ನದೇ ಲೆಕ್ಕದಲ್ಲಿ ಕೆಲಸ ಮಾಡುತ್ತೆ: ಎರಡರಿಂದ ಆರೇಳು ವರ್ಷ ಕೂದಲು ಬೆಳೆಸುತ್ತೆ, ಆಮೇಲೆ ಎರಡು ಮೂರು ವಾರದಲ್ಲಿ ಅಂಗಡಿ ಮುಚ್ಚುತ್ತೆ, ಸುಮಾರು ಮೂರು ತಿಂಗಳು ಸುಮ್ಮನಿರುತ್ತೆ. ಈ ಮೂರು ತಿಂಗಳು ಹಳೇ ಕೂದಲು ಗೂಡಲ್ಲೇ ಕೂತಿರುತ್ತೆ, ಆದರೆ ಅದಕ್ಕೂ ಮೈಗೂ ಸಂಬಂಧ ಕಡಿದಿರುತ್ತೆ. ಬುಡದ ಬಿಳಿ ಗಂಟು ಅಂದರೆ ಹೀಗೆ ಕೆಲಸ ಮುಗಿಸಿದ ಕೂದಲಿನ ಗುರುತು. ಯಾವುದೇ ಹೊತ್ತಿನಲ್ಲಿ ತಲೆಯ ನೂರರಲ್ಲಿ ಹತ್ತು ಹದಿನೈದು ಕೂದಲು ಈ ಸ್ಥಿತಿಯಲ್ಲಿರ್ತವೆ. ದಿನಕ್ಕೆ 50ರಿಂದ 100 ಉದುರೋದು ಅದಕ್ಕೇ. ಬಾಚಣಿಗೆ ತಾಗದಿದ್ದರೂ ತಲೆದಿಂಬಿನ ಮೇಲೋ, ಬಚ್ಚಲಲ್ಲೋ, ಸಾರಿನಲ್ಲೋ ಅದು ಬೀಳಲೇಬೇಕು.

ಈಗ ಭಯಪಟ್ಟು ಬಾಚದೇ ಇರೋವರ ಕಥೆ ನೋಡೋಣ. ದಿನಕ್ಕೆ 70 ಕೂದಲು ಉದುರೋ ತಲೆ ಅಂತ ಇಟ್ಕೊಳ್ಳಿ. ಮೂರು ದಿನ ಬಾಚಲಿಲ್ಲ, ಸುಮ್ಮನೆ ಗಂಟು ಕಟ್ಟಿಕೊಂಡರು. ಬಿದ್ದ ಕೂದಲು ಗಂಟಿನೊಳಗೇ ಸಿಕ್ಕಿಕೊಂಡಿರುತ್ತೆ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಬಾಚಿದರೆ ಇನ್ನೂರು ಮುನ್ನೂರು ಕೂದಲು ಒಟ್ಟಿಗೆ ಕೈಗೆ ಬರುತ್ತೆ. ಎದೆ ಧಸಕ್ ಅನ್ನುತ್ತೆ. ಮುಂದಿನ ಸಲ ನಾಲ್ಕು ದಿನ ಬಾಚಲ್ಲ, ಆಗ ಇನ್ನೂ ದೊಡ್ಡ ಉಂಡೆ. ಈ ಸುಳಿಯಲ್ಲಿ ಸಿಕ್ಕಿಕೊಂಡು, ತಿಂಗಳುಗಟ್ಟಲೆ ಬಾಚಣಿಗೆ ಮುಟ್ಟದೆ, ಕೂದಲು ಜಡೆಗಟ್ಟಿ ಕೊನೆಗೆ ಕತ್ತರಿಸಲೇಬೇಕಾದವರನ್ನ ನೋಡಿದ್ದೀನಿ.

ಎಷ್ಟು ಉದುರಿದರೆ ಹೆಚ್ಚು ಅನ್ನೋದಕ್ಕೆ ಕೂದಲು ಕೂಡಿಡಬೇಕಾಗಿಲ್ಲ. 2008ರಲ್ಲಿ ಪ್ರಕಟವಾದ ಒಂದು ಸರಳ ಪರೀಕ್ಷೆ ಇದೆ: ತಲೆ ತೊಳೆಯೋ ಮುಂಚೆ, ಬೇರೆ ಬಣ್ಣದ ಟವಲ್ ಮೇಲೆ ತಲೆ ಬಗ್ಗಿಸಿ, 60 ಸೆಕೆಂಡ್ ಬಾಚಿ, ಬಿದ್ದದ್ದನ್ನ ಎಣಿಸೋದು. ಆರೋಗ್ಯವಂತ ಗಂಡಸರಲ್ಲಿ ಸರಾಸರಿ ಹತ್ತು ಬಿದ್ದಿದ್ದವು. ಮೊಣಕಾಲುದ್ದ ಜಡೆಯವರಿಗೆ ಅದೇ ಲೆಕ್ಕ ಕೂಡಲ್ಲ ನಿಜ, ಆದರೆ ನಿಮ್ಮ ಸಂಖ್ಯೆಯನ್ನ ನಿಮ್ಮದೇ ಹಳೇ ಸಂಖ್ಯೆ ಜೊತೆ ಹೋಲಿಸಿ ನೋಡೋಕೆ ಇದು ಚೆನ್ನಾದ ದಾರಿ.

ಬಾಚೋದು ಕಡಿಮೆ ಮಾಡಿದರೆ ಉದುರೋದು ಕಡಿಮೆ ಆಗುತ್ತೆ ಅಂತ ತೋರಿಸಿದ ಅಧ್ಯಯನವೂ ಇದೆ, 2009ರದ್ದು. ಇಂಟರ್ನೆಟ್ಟಲ್ಲಿ ಓದಿದವರು ಅದನ್ನ ನನಗೆ ತೋರಿಸ್ತಾರೆ. ಕೆಲವೇ ಮಂದಿ ಹೆಂಗಸರು, ಕೆಲವೇ ವಾರ. ಕೂದಲು ಗೂಡಲ್ಲಿ ಸುಮ್ಮನೆ ಕೂರೋ ಅವಧಿಯೇ ಮೂರು ತಿಂಗಳು ಇರುವಾಗ, ಕೆಲವು ವಾರದಲ್ಲಿ ಕಮ್ಮಿ ಬಿತ್ತು ಅಂದರೆ ಅದು ಉಳಿಯಿತೋ, ಬೀಳೋ ದಿನ ಮುಂದಕ್ಕೆ ಹೋಯಿತೋ? ನನ್ನ ಮಟ್ಟಿಗೆ ಅಷ್ಟರ ಮೇಲೆ ಸಲಹೆ ಕಟ್ಟೋಕೆ ಆಗಲ್ಲ.

ಹಾಗಾದರೆ ಬಾಚಣಿಗೆ ಸಂಪೂರ್ಣ ನಿರಪರಾಧಿಯಾ? ಇಲ್ಲ. ಇಲ್ಲಿಂದ ಮುರಿಯೋ ಕೂದಲಿನ ಮಾತು.

ಎಲ್ಲರೂ ನಿಮ್ಮ ತಲೆಯಿಂದ ಒಂದೊಂದು ಕೂದಲು ತೆಗೆದುಕೊಳ್ಳಿ. ಕೀಳಬೇಡಿ, ಬೆರಳಾಡಿಸಿದರೆ ಯಾವುದೋ ಒಂದು ಬರುತ್ತೆ. ಬುಡದ ತುದಿಯನ್ನ ಎಡಗೈಲಿ ಹಿಡಿದು, ಬಲಗೈಯ ಎರಡು ಬೆರಳ ನಡುವೆ ಬುಡದಿಂದ ತುದಿ ಕಡೆಗೆ ಎಳೀರಿ. ನುಣ್ಣಗೆ ಜಾರುತ್ತೆ. ಈಗ ತುದಿಯಿಂದ ಬುಡದ ಕಡೆಗೆ ಎಳೀರಿ. ತಡೆದು ತಡೆದು ಬರುತ್ತೆ, ಕಿರ್ರ್ ಅಂತ ಸದ್ದೂ ಬರಬಹುದು. ಗದ್ದೆ ಕೆಲಸ ಮಾಡಿದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಕಬ್ಬಿನ ಗರಿ ಹೀಗೆಯೇ. ಬುಡದಿಂದ ಸವರಿದರೆ ಏನೂ ಆಗಲ್ಲ, ತುದಿಯಿಂದ ಸವರಿದರೆ ಕೈ ಕುಯ್ಯುತ್ತೆ.

ಕೂದಲಿನ ಮೈಮೇಲೆ ಒಂದರ ಮೇಲೊಂದು ಹೊದಿಸಿದ ತೆಳ್ಳನೆ ಹುರುಪೆಗಳಿವೆ, ಬುಡದ ಹತ್ತಿರ ಆರೇಳು ಪದರ. ಎಲ್ಲದರ ಮೂತಿಯೂ ತುದಿ ಕಡೆಗೆ. ಒಳಗಿರೋ ತಿರುಳು ಕೆರಾಟಿನ್ ಅನ್ನೋ ಪ್ರೋಟೀನಿನ ನಾರು. ಬಲ ಇರೋದು ಅದರಲ್ಲಿ. ಚೆನ್ನಾಗಿರೋ ಒಂದು ಎಳೆ 60ರಿಂದ 100 ಗ್ರಾಂ ತೂಕ ತಡೆಯುತ್ತೆ, ಇದೇನು ಸಣ್ಣ ಬಲ ಅಲ್ಲ. ಆದರೆ ತಿರುಳನ್ನ ಕಾಯೋದು ಹುರುಪೆ. ಅದು ಸವೆದು ಹೋದ ಜಾಗದಲ್ಲಿ ನಾರು ಬಿಚ್ಚಿಕೊಳ್ಳುತ್ತೆ, ತುದಿ ಎರಡಾಗಿ ಮೂರಾಗಿ ಸೀಳುತ್ತೆ, ಬಿಳಿ ಚುಕ್ಕಿ ಬಿದ್ದು ಅಲ್ಲೇ ತುಂಡಾಗುತ್ತೆ. ಕೂದಲು ಬೆಳೆದು ಹೊರಗೆ ಬಂದ ಮೇಲೆ ಅದರಲ್ಲಿ ಜೀವ ಇಲ್ಲ. ಚರ್ಮ ಕುಯ್ದರೆ ಕೂಡಿಕೊಳ್ಳುತ್ತೆ, ಹುರುಪೆ ಹೋದರೆ ಹೋಯಿತು. "ಸೀಳಿದ ತುದಿ ಕೂಡಿಸುತ್ತೆ" ಅಂತ ಬಾಟಲಿ ಮೇಲೆ ಬರೆದಿರೋದು ಅಂಟು ಹಾಕಿದ ಹಾಗೆ ತಾತ್ಕಾಲಿಕ, ಮುಂದಿನ ಸ್ನಾನದವರೆಗೆ.

ಇಲ್ಲೊಂದು ಅಡ್ಡಮಾತು. ಬೀದೀಲಿ "ಕೂದ್ಲು ಕೊಡ್ತೀರೇನವ್ವಾ" ಅಂತ ಕೂಗಿಕೊಂಡು, ಬಾಚಿ ಬಿಸಾಕಿದ ಕೂದಲಿಗೆ ಸ್ಟೀಲ್ ಪಾತ್ರೆ ಕೊಡೋರು ಬರ್ತಾರಲ್ಲ, ಆ ಕೂದಲು ದೊಡ್ಡ ವ್ಯಾಪಾರ. ನಮ್ಮ ರಾಜ್ಯದಲ್ಲೇ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಇಂಥ ಕೂದಲನ್ನ ಬಿಡಿಸಿ, ತೊಳೆದು, ಅಳತೆ ಪ್ರಕಾರ ಕಟ್ಟೋದೇ ಎಷ್ಟೋ ಮನೆಗಳ ಕಸುಬು. ಮುಡಿ ಕೊಟ್ಟ ಕೂದಲಿಗೆ ಬಾಚಿ ತೆಗೆದ ಕೂದಲಿಗಿಂತ ಬೆಲೆ ಜಾಸ್ತಿ. ಯಾಕೆ ಅಂದರೆ ಮುಡಿಯಲ್ಲಿ ಎಲ್ಲ ಎಳೆಯ ಬುಡವೂ ಒಂದೇ ಕಡೆ ಇರುತ್ತೆ. ಬಾಚಣಿಗೆ ಉಂಡೆಯಲ್ಲಿ ಒಂದು ಎಳೆ ಈ ಕಡೆ, ಇನ್ನೊಂದು ಆ ಕಡೆ. ಹುರುಪೆಗೆ ಹುರುಪೆ ಎದುರಾಗಿ ಕೂತು ಸಿಕ್ಕಾಗುತ್ತೆ. ನೀವು ಈಗ ಬೆರಳಲ್ಲಿ ಕಂಡುಕೊಂಡದ್ದರ ಮೇಲೆ ಅಷ್ಟು ದೊಡ್ಡ ಬಜಾರೇ ನಡೀತಿದೆ.

ಸರಿ, ಸವೆತ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತೆ. ಸೊಂಟದವರೆಗೆ ಜಡೆ ಇರೋವರಿಗೆ 70-75 ಸೆಂಟಿಮೀಟರ್ ಅನ್ನಿ. ಅಂದರೆ ಜಡೆಯ ತುದಿಗೆ ಆರು ವರ್ಷ ವಯಸ್ಸು! ದಿನಕ್ಕೆ ಎರಡು ಹೊತ್ತು ಬಾಚಿದರೂ ಆ ತುದಿ ನಾಲ್ಕು ಸಾವಿರ ಸಲ ಬಾಚಣಿಗೆ ಕಂಡಿದೆ. ಬುಡದ ಕೂದಲು ಹೋದ ತಿಂಗಳು ಹುಟ್ಟಿದ್ದು, ಹೊಳೆಯುತ್ತೆ. ತುದಿ ಆರು ವರ್ಷದ ಬಿಸಿಲು, ಬೋರ್ ನೀರು, ರಬ್ಬರ್ ಬ್ಯಾಂಡ್ ಎಲ್ಲ ತಿಂದಿದೆ. ಎರಡಕ್ಕೂ ಒಂದೇ ಬಲ ಹಾಕಿ ಎಳೆಯೋದು ನ್ಯಾಯವಾ? ಎಷ್ಟು ಸಲ ಬಾಚೋದು ಅನ್ನೋ ಪ್ರಶ್ನೆಗೆ ಅರ್ಥ ಬರೋದು ಇಲ್ಲಿ. ಪ್ರತಿ ಸಲವೂ ಚೂರು ಚೂರು ಸವೆಯುತ್ತೆ, ಆದ್ದರಿಂದ ಕಾರಣ ಇಲ್ಲದೆ ಬಾಚಬಾರದು. ಆದರೆ ಸಿಕ್ಕು ಬಿಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಆಗೋ ನಷ್ಟ, ನಿಧಾನವಾಗಿ ಹತ್ತು ದಿನ ಬಾಚಿದ್ದಕ್ಕಿಂತ ಜಾಸ್ತಿ.

ನೂರು ಸಲ ಬಾಚೋ ಪಂಗಡದವರಿಗೆ ಉತ್ತರ ಕೊಟ್ಟುಬಿಡ್ತೀನಿ. ಅದು ಪಶ್ಚಿಮದ ದೇಶಗಳಲ್ಲಿ ತಲೆಗೆ ನೀರು ಹಾಕೋದೇ ಅಪರೂಪವಾಗಿದ್ದ ಕಾಲದ ಪದ್ಧತಿ. ಹಂದಿ ಕೂದಲಿನ ಬ್ರಷ್ ಇಟ್ಟು ಬಾಚಿದರೆ ಧೂಳು ಹೋಗ್ತಿತ್ತು, ಬುಡದ ಜಿಡ್ಡು ತುದಿಯವರೆಗೆ ಹರಡ್ತಿತ್ತು. ವಾರಕ್ಕೆರಡು ಸಲ ತಲೆ ತೊಳೆದು ಎಣ್ಣೆ ಹಚ್ಚೋ ನಮಗೆ ಅದರ ಅಗತ್ಯ ಏನಿದೆ? ರಕ್ತ ಓಡಾಡೋ ಮಾತೂ ಅಷ್ಟೇ. ಉಜ್ಜಿದರೆ ಚರ್ಮ ಒಂದು ಗಳಿಗೆ ಕೆಂಪಾಗುತ್ತೆ, ಹಿತವಾಗಿರುತ್ತೆ, ನಿದ್ದೆ ಬರಬಹುದು. ಅದರಿಂದ ಕೂದಲು ಹೆಚ್ಚು ಬೆಳೆಯುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ.

ನನ್ನ ಪ್ರಕಾರ ಎಷ್ಟು ಸಲ ಅನ್ನೋದಕ್ಕಿಂತ ಯಾವಾಗ, ಹೇಗೆ ಅನ್ನೋದೇ ಮುಖ್ಯ. ಎಲ್ಲಕ್ಕಿಂತ ಕೆಟ್ಟ ಹೊತ್ತು ಅಂದರೆ ತಲೆಗೆ ನೀರು ಹಾಕಿಕೊಂಡ ಅರ್ಧ ಗಂಟೆ. ಕೂದಲು ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರು ಕುಡಿಯುತ್ತೆ, ದಪ್ಪಗಾಗುತ್ತೆ. ಹುರುಪೆಗಳು ಸ್ವಲ್ಪ ಮೇಲೇಳ್ತವೆ. ಒಳಗಿನ ಪ್ರೋಟೀನ್ ಎಳೆಗಳನ್ನ ಹಿಡಿದಿರೋ ಹೈಡ್ರೋಜನ್ ಬಂಧಗಳು ಬಿಟ್ಟುಕೊಳ್ತವೆ. ಕೈಲಿರೋ ಆ ಎಳೆಯನ್ನೇ ನೀರಲ್ಲಿ ನೆನೆಸಿ ಎಳೆದು ನೋಡಿ, ಒಣಗಿದ್ದಾಗ ಬಾರದಷ್ಟು ಉದ್ದ ಬರುತ್ತೆ. ಒಂದು ಮಿತಿ ದಾಟಿ ಹಾಗೆ ಎಳೆದ ಕೂದಲು ಹಿಂದಿನ ಸ್ಥಿತಿಗೆ ಬರಲ್ಲ. ನಮ್ಮ ಮನೆಗಳಲ್ಲಿ ನಡೆಯೋದು ಏನು? ಬೆಳಿಗ್ಗೆ ಏಳೂಮುಕ್ಕಾಲು, ಬಸ್ಸು ಎಂಟು ಗಂಟೆಗೆ. ತಲೆ ಇನ್ನೂ ತೊಟ್ಟಿಕ್ಕುತ್ತಿದೆ. ಸಣ್ಣ ಹಲ್ಲಿನ ಬಾಚಣಿಗೆ ನೆತ್ತಿಗೆ ಇಟ್ಟು ಒಂದೇ ಏಟಿಗೆ ಕೆಳಗೆ ಎಳೆಯೋದು. ನೆತ್ತಿಯಿಂದ ಎಳೆದಾಗ ಮೇಲಿನ ಸಣ್ಣ ಸಿಕ್ಕುಗಳೆಲ್ಲ ಕೆಳಗೆ ಜಾರಿ, ಮೊದಲೇ ಹಳತಾದ ತುದಿಯಲ್ಲಿ ಒಂದೇ ಗಂಟಾಗಿ ಕೂರ್ತವೆ. ಅಲ್ಲಿ ಪಟ್ ಅಂತ ಕೇಳಿಸೋದು ಬಾಚಣಿಗೆ ಹಲ್ಲಿನ ಸದ್ದಲ್ಲ.

ಹಳಬರು ಜಗುಲಿ ಮೇಲೆ ಕೂರಿಸಿಕೊಂಡು ಸಿಕ್ಕು ಬಿಡಿಸ್ತಿದ್ದ ಕ್ರಮ ನೆನಪಿರೋರು ಇಲ್ಲಿ ಇರ್ತಾರೆ. ಮೊದಲು ಬೆರಳು. ಆಮೇಲೆ ಕೂದಲನ್ನ ಸಿಕ್ಕಿಗಿಂತ ಮೇಲೆ ಎಡಗೈ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯೋದು, ಎಳೆತ ಬುಡಕ್ಕೆ ಮುಟ್ಟಬಾರದು ಅಂತ. ತುದಿಯಿಂದ ನಾಲ್ಕು ಬೆರಳು ಬಿಡಿಸೋದು, ಅದು ಸಲೀಸಾದ ಮೇಲೆ ಇನ್ನು ನಾಲ್ಕು ಬೆರಳು ಮೇಲಕ್ಕೆ. ನೆತ್ತಿಯಿಂದ ತುದಿಯವರೆಗೆ ಒಂದೇ ಎಳೆತ ಕೊನೆಯಲ್ಲಿ ಮಾತ್ರ. ಯಾವ ಪ್ರಯೋಗಾಲಯವೂ ಇದಕ್ಕಿಂತ ಒಳ್ಳೇ ಕ್ರಮ ಹೇಳಿಕೊಟ್ಟಿಲ್ಲ. ಒದ್ದೆ ತಲೆಗೆ ಟವಲ್ ಸುತ್ತಿ ಗಸಗಸ ಉಜ್ಜೋದು, ಟವಲನ್ನ ಹುರಿ ಮಾಡಿ ರಪರಪ ಹೊಡೆಯೋದು ಮಾತ್ರ ಹಳಬರಿಂದಲೇ ಬಂದದ್ದು, ಅದನ್ನ ಬಿಟ್ಟುಬಿಡಿ. ಮೆತ್ತಗಾದ ಹಳೇ ಪಂಚೆಯಲ್ಲಿ ಒತ್ತಿ ನೀರು ಹೀರಿಸಿ, ಸಾಕು.

ಒದ್ದೆ ತಲೆ ಬಾಚಬಾರದು ಅನ್ನೋ ನಿಯಮದಲ್ಲಿ ಗುಂಗುರು ಕೂದಲಿನವರಿಗೆ ವಿನಾಯ್ತಿ ಇದೆ. ತುಂಬಾ ಸುರುಳಿ ಇರೋ ಕೂದಲನ್ನ ಒಣಗಿದಾಗ ಬಾಚಿದರೆ ಹೆಚ್ಚು ಮುರಿಯುತ್ತೆ. ಕಂಡೀಷನರ್ ಹಚ್ಚಿ ಒದ್ದೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಿಡಿಸೋದು ವಾಸಿ. ಕಂಡೀಷನರ್ ಅಂದಾಗ ಕೆಲವರು ಮೂಗು ಮುರೀತಾರೆ, ಕಂಪನಿಯವರ ಕಿತಾಪತಿ ಅಂತ. ಹಾಗೇನಿಲ್ಲ. ಸವೆದ ಕೂದಲಿನ ಮೈಮೇಲೆ ಋಣ ವಿದ್ಯುದಂಶ ಇರುತ್ತೆ, ಕಂಡೀಷನರಿನಲ್ಲಿರೋ ಧನ ವಿದ್ಯುದಂಶದ ಕಣ ಅಲ್ಲಿಗೇ ಹೋಗಿ ಅಂಟುತ್ತೆ, ಬಾಚಣಿಗೆ ಜಾರುತ್ತೆ. ಅದರ ಕೆಲಸ ಅಷ್ಟೇ, ಅದನ್ನ ಚೆನ್ನಾಗಿ ಮಾಡುತ್ತೆ. ಬೋರ್ ನೀರು ಗಡಸು ಇರೋ ಊರುಗಳಲ್ಲಿ ತಲೆಗೆ ಮೈ ಸೋಪು ಹಾಕೋರಿಗಂತೂ ಇದು ಬೇಕೇ ಬೇಕು. ಗಡಸು ನೀರಲ್ಲಿ ಸೋಪು ನೊರೆ ಕೊಡದೆ ಬಿಳಿ ಗಸಿಯಾಗಿ ಕೂದಲ ಮೇಲೆ ಕೂರುತ್ತೆ, ಬಾಚಣಿಗೆ ಹೆಜ್ಜೆಹೆಜ್ಜೆಗೂ ತಡೆಯುತ್ತೆ.

ಬಾಚಣಿಗೆ ಕೊಳ್ಳುವಾಗ ಮರದ್ದೋ ಪ್ಲಾಸ್ಟಿಕ್ಕೋ ಅನ್ನೋದಕ್ಕೆ ಮುಂಚೆ ಹಲ್ಲಿನ ಸಂದಿಗೆ ಉಗುರು ಆಡಿಸಿ. ಅಗ್ಗದ ಪ್ಲಾಸ್ಟಿಕ್ ಬಾಚಣಿಗೆಯಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಕಡೆ ಒಂದು ಚೂಪು ಗೆರೆ ಉಳಿದಿರುತ್ತೆ. ಉಗುರಿಗೆ ಅದು ತಾಗಿದರೆ ವಾಪಸ್ ಇಟ್ಟುಬಿಡಿ, ಹತ್ತು ರೂಪಾಯಿ ಉಳಿಸೋಕೆ ಹೋಗಬೇಡಿ. ಹಲ್ಲು ಮುರಿದ ಬಾಚಣಿಗೆಯನ್ನ ವರ್ಷಗಟ್ಟಲೆ ಇಟ್ಟುಕೊಳ್ಳೋ ಚಟ ನಮ್ಮಲ್ಲಿ ಎಲ್ಲರಿಗೂ ಇದೆ, ಅದೂ ಹೋಗಲಿ.

ಸ್ಟ್ರೈಟನಿಂಗ್, ಸ್ಮೂದನಿಂಗ್, ಬ್ಲೀಚ್ ಮಾಡಿ ಬಣ್ಣ. ಮದುವೆ ಸೀಸನ್ನಿನಲ್ಲಿ ಇದು ಎಲ್ಲ ಕಡೆ ನಡೆಯುತ್ತೆ, ನಾನು ಬೇಡ ಅಂದರೂ ನಡೆಯುತ್ತೆ. ತಿಳಿದು ಮಾಡಿಸಿಕೊಳ್ಳಿ. ಕೂದಲು ಹುಟ್ಟುವಾಗಲೇ ಅದರ ಮೇಲೆ ನೀರನ್ನ ಹತ್ತಿರ ಸೇರಿಸದ ತೆಳ್ಳನೆ ಜಿಡ್ಡಿನ ಲೇಪ ಇರುತ್ತೆ. ಬ್ಲೀಚ್ ಅದನ್ನ ಕಿತ್ತುಹಾಕುತ್ತೆ. ಶಾಶ್ವತವಾಗಿ ನೆಟ್ಟಗೆ ಮಾಡೋ ರಾಸಾಯನಿಕಗಳು ಒಳಗಿನ ಗಂಧಕದ ಬಂಧಗಳನ್ನೇ ಒಡೆದು ಬೇರೆ ಆಕಾರದಲ್ಲಿ ಕಟ್ಟುತ್ತವೆ, ಎಲ್ಲವೂ ಮತ್ತೆ ಕೂಡಲ್ಲ. ಒದ್ದೆ ಕೂದಲಿಗೆ ಬಿಸಿ ಇಸ್ತ್ರಿ ಇಟ್ಟರೆ ಒಳಗಿನ ನೀರು ಆವಿಯಾಗಿ ಎಳೆಯೊಳಗೇ ಗುಳ್ಳೆ ಏಳುತ್ತೆ, ಅಲ್ಲೇ ಮುರಿಯುತ್ತೆ. ಇಂಥ ತಲೆಗೆ ಮಾಮೂಲಿ ಬಾಚೋದೂ ಭಾರವೇ.

ಬಾಚಣಿಗೆಗಿಂತ ನನಗೆ ಹೆಚ್ಚು ಚಿಂತೆ ಇರೋದು ಬಿಗಿ ಜಡೆ ಬಗ್ಗೆ. ಇದು ಮುರಿಯೋದಲ್ಲ, ನಿಜಕ್ಕೂ ಬುಡಕ್ಕೇ ಪೆಟ್ಟು. ಸ್ಕೂಲಿಗೆ ಹೋಗೋ ಹುಡುಗಿಗೆ ಕಣ್ಣು ಮೇಲಕ್ಕೆ ಎಳೆಯೋ ಹಾಗೆ ಬಾಚಿ, ಎರಡು ಜಡೆ ಮಡಚಿ, ರಿಬ್ಬನ್ ಬಿಗಿದು ಕಳಿಸ್ತೀವಿ. ಸಂಜೆವರೆಗೂ ಬಿಚ್ಚಬಾರದು ಅಂತ. ನೃತ್ಯ ಕಲಿಯೋ ಹುಡುಗಿಯರಿಗೆ ಅದರ ಮೇಲೆ ಚೌರಿ, ಕುಚ್ಚು, ಮೊಗ್ಗಿನ ಜಡೆಯ ಭಾರ ಬೇರೆ. ಹಣೆಯ ಎರಡೂ ಪಕ್ಕ, ಕಿವಿಯ ಮುಂದೆ ಕೂದಲು ತೆಳ್ಳಗಾಗುತ್ತೆ, ಬುಡದಲ್ಲಿ ಸಣ್ಣ ಗುಳ್ಳೆ ಕಾಣುತ್ತೆ. 1907ರಲ್ಲೇ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ ಬಿಗಿ ಜುಟ್ಟಿನಿಂದ ಹೀಗಾಗೋದನ್ನ ವೈದ್ಯರು ಬರೆದಿಟ್ಟಿದ್ದಾರೆ, ಹೊಸ ಸಂಗತಿ ಏನಲ್ಲ. ಶುರುವಿನಲ್ಲೇ ಸಡಿಲ ಮಾಡಿದರೆ ಕೂದಲು ಮರಳುತ್ತೆ. ವರ್ಷಗಟ್ಟಲೆ ಎಳೆದರೆ ರೋಮಕೂಪ ಕಲೆಗಟ್ಟಿ ಮುಚ್ಚಿಹೋಗುತ್ತೆ, ಆಮೇಲೆ ನನ್ನ ಹತ್ತಿರ ಔಷಧಿ ಇಲ್ಲ. ಹುಡುಗಿ "ಅಮ್ಮಾ, ನೋಯ್ತದೆ" ಅಂದರೆ ಬಿಚ್ಚಿ ಮತ್ತೆ ಹಾಕಿ. ಬೈತಲೆಯನ್ನ ಆಗಾಗ ಅತ್ತಿತ್ತ ಬದಲಾಯಿಸಿ.

ಇನ್ನು ಗಂಟು ಸಮೇತ ನಿಜವಾಗಿ ಹೆಚ್ಚು ಉದುರ್ತಿದ್ದರೆ? ಆಗ ಬಾಚಣಿಗೆಯನ್ನ ಪಕ್ಕಕ್ಕಿಟ್ಟು ಕ್ಯಾಲೆಂಡರ್ ನೋಡಿ. ಎರಡು ಮೂರು ತಿಂಗಳ ಹಿಂದೆ ಏನಾಗಿತ್ತು? ಹೆರಿಗೆ? ಡೆಂಗಿ, ಟೈಫಾಯ್ಡ್? ಆಪರೇಷನ್? ಊಟ ಬಿಟ್ಟು ತೂಕ ಇಳಿಸಿದ್ದು? ಮೈಗೆ ದೊಡ್ಡ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಎಷ್ಟೋ ಕೂದಲು ಒಟ್ಟಿಗೇ ಕೆಲಸ ನಿಲ್ಲಿಸುತ್ತೆ, ಮೂರು ತಿಂಗಳಾದ ಮೇಲೆ ಒಟ್ಟಿಗೇ ಬೀಳುತ್ತೆ. ಜ್ವರ ಮರೆತುಹೋಗಿರುತ್ತೆ, ಕೈಲಿರೋ ಬಾಚಣಿಗೆ ಮೇಲೆ ಆರೋಪ ಬರುತ್ತೆ. ಇದು ಬಹುಪಾಲು ತಾನೇ ಸರಿಹೋಗುತ್ತೆ. ಇಂಥ ಕಾರಣ ಯಾವುದೂ ಇಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಮತ್ತು ಕಬ್ಬಿಣದ ಅಂಶ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಈ ಹಾಲ್‌ನಲ್ಲಿ ಎಷ್ಟು ಮಂದಿ ಅಂತ ನೀವೇ ಲೆಕ್ಕ ಹಾಕಿ. ಸೊಪ್ಪಿನ ಉಪ್ಸಾರಿಗೆ ನಿಂಬೆಹಣ್ಣು ಹಿಂಡಿ, ಊಟ ಆದ ತಕ್ಷಣ ಟೀ ಕುಡಿಯೋದನ್ನ ಒಂದು ಗಂಟೆ ಮುಂದಕ್ಕೆ ಹಾಕಿ. ಕೊರತೆ ಜಾಸ್ತಿ ಇದ್ದರೆ ಮಾತ್ರೆಯೇ ಬೇಕು.

ನಾನು ಇಷ್ಟು ಹೇಳಿ ಕೂತ ಮೇಲೆ ಪ್ರಶ್ನೆಗಳು ಶುರುವಾದವು.

ಕೊಬ್ಬರಿ ಎಣ್ಣೆ ಹಚ್ಚಿ ಬಾಚಬೇಕೋ, ಬಾಚಿ ಹಚ್ಚಬೇಕೋ ಅಂತ ಒಬ್ಬರು ಕೇಳಿದರು. ತಲೆ ತೊಳೆಯೋ ಮುಂಚೆ ಹಚ್ಚಿ ಅಂದೆ. ಕೊಬ್ಬರಿ ಎಣ್ಣೆಯಲ್ಲಿರೋ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರ, ಎಳೆಯ ಒಳಗೆ ಇಳಿಯುತ್ತೆ. ತೊಳೆಯುವಾಗ ಪ್ರೋಟೀನ್ ಸೋರಿಹೋಗೋದನ್ನ ಅದು ಕಡಿಮೆ ಮಾಡುತ್ತೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಕ್ಕೆ ಆ ಗುಣ ಇಲ್ಲ ಅಂತ 2003ರ ಒಂದು ಅಧ್ಯಯನ ತೋರಿಸಿದೆ. ಅದನ್ನ ಮಾಡಿದ್ದು ಕೊಬ್ಬರಿ ಎಣ್ಣೆ ಮಾರೋ ಕಂಪನಿಯ ಪ್ರಯೋಗಾಲಯದವರೇ, ಅದೂ ನಿಮಗೆ ಗೊತ್ತಿರಲಿ. ಎಣ್ಣೆ ಮುರಿಯೋದನ್ನ ತಡೆಯುತ್ತೆ. ಉದುರೋದನ್ನ ನಿಲ್ಲಿಸಿ ಹೊಸ ಕೂದಲು ಹುಟ್ಟಿಸುತ್ತೆ ಅಂತ ಮಾತ್ರ ಕೇಳಬೇಡಿ.

"ಹುಣಸೂರಿನ ಹಕ್ಕಿಪಿಕ್ಕಿಯವರ ಎಣ್ಣೆ?" ಅಂತ ಕೂಡಲೇ ಇನ್ನೊಂದು ದನಿ ಬಂತು. ಎಲ್ಲರೂ ನಕ್ಕರು, ಕೂದಲು ಉದ್ದ ಬೆಳೆಸುತ್ತೆ ಅನ್ನೋ ಆ ಎಣ್ಣೆಯ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿದೆ. ಹುಣಸೂರಿನ ಹತ್ತಿರ ಹಕ್ಕಿಪಿಕ್ಕಿ ಬುಡಕಟ್ಟಿನವರು ಇರೋ ಪಕ್ಷಿರಾಜಪುರದ ಜನ ಒಂದು ಕಸುಬು ಕಟ್ಟಿಕೊಂಡು ಬದುಕು ಹಸನು ಮಾಡಿಕೊಂಡಿದ್ದಾರೆ, ಅದಕ್ಕೆ ನನ್ನ ಗೌರವ ಇದೆ. ಆದರೆ ವಿಡಿಯೋದಲ್ಲಿ ಉದ್ದ ಕೂದಲು ಬಿಟ್ಟು ನಿಂತವರು ಎಣ್ಣೆಗೆ ಪುರಾವೆ ಆಗಲ್ಲ. ಎಣ್ಣೆಯ ವಿಷಯದಲ್ಲಿ ಮೇಲೆ ಹೇಳಿದ ಮಾತೇ ಇದಕ್ಕೂ.

ನಂಜನಗೂಡಿನಲ್ಲಿ ಮುಡಿ ಕೊಟ್ಟ ಮೇಲೆ ಮಗುವಿಗೆ ಕೂದಲು ದಪ್ಪಗೆ ಬಂತು ಅಂತ ಅಜ್ಜಿಯೊಬ್ಬರು ಖಡಾಖಂಡಿತವಾಗಿ ಹೇಳಿದರು. ಮುಡಿ ಕೊಡೋದು ಹರಕೆ, ಅದಕ್ಕೆ ನಾನು ಏನೂ ಹೇಳಲ್ಲ ಅಜ್ಜಿ. ಕೂದಲಿನ ಲೆಕ್ಕಕ್ಕೆ ಬಂದರೆ, ಹುಟ್ಟುಗೂದಲಿನ ತುದಿ ಸಣ್ಣಗೆ ಮೊನಚಾಗಿರುತ್ತೆ, ಬೋಳಿಸಿದ ಮೇಲೆ ಬರೋದು ಮೊಂಡಾಗಿ ಬರುತ್ತೆ, ಕೈಗೆ ದಪ್ಪ ಅನ್ನಿಸುತ್ತೆ. ಮಗು ಬೆಳೆದ ಹಾಗೆ ಕೂದಲು ಹೇಗೂ ದಪ್ಪಗಾಗುತ್ತೆ. 1928ರಲ್ಲೇ ಇದನ್ನ ಅಳೆದು ನೋಡಿದ್ದಾರೆ, ಬೋಳಿಸೋದರಿಂದ ಬುಡಕ್ಕೆ ಏನೂ ವ್ಯತ್ಯಾಸ ಆಗಲ್ಲ. ಅಜ್ಜಿ ಒಪ್ಪಲಿಲ್ಲ.

ತಲೆಹೊಟ್ಟನ್ನ ಬಾಚಣಿಗೆಯಲ್ಲಿ ಕೆರೆದು ತೆಗೆಯಬಹುದಾ ಅಂದವರಿಗೆ, ಬೇಡ, ಗಾಯ ಆಗುತ್ತೆ, ಹೊಟ್ಟಿಗೆ ಔಷಧಿ ಶಾಂಪೂ ಇದೆ ಅಂದೆ. ಸೋರಿಯಾಸಿಸ್ ಇದ್ದರೆ ಕೆರೆದಷ್ಟೂ ಹರಡುತ್ತೆ.

ಕೊನೆಗೆ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಕೇಳಿದ್ದು ಹೇನಿನ ಬಗ್ಗೆ. ಇಷ್ಟು ಹೊತ್ತು ಕಡಿಮೆ ಬಾಚಿ, ನಿಧಾನ ಬಾಚಿ ಅಂದಿರಲ್ಲ, ನಮ್ಮ ಮಕ್ಕಳಿಗೆ ಸೀರಣಿಗೆ ಹಾಕಬೇಕೋ ಬೇಡವೋ ಅಂತ. ಹಾಕಲೇಬೇಕು. ಹೆಚ್ಚು ಸಲ ಬಾಚೋದೇ ಚಿಕಿತ್ಸೆ ಆಗೋ ಜಾಗ ಇದೊಂದೇ. ಕೂದಲಿಗೆ ಕಂಡೀಷನರ್ ಧಾರಾಳವಾಗಿ ಹಚ್ಚಿ, ಇಲ್ಲದಿದ್ದರೆ ಎಣ್ಣೆ. ಮೊದಲು ಅಗಲ ಹಲ್ಲಿನ ಬಾಚಣಿಗೆಯಲ್ಲಿ ಸಿಕ್ಕು ಪೂರ್ತಿ ಬಿಡಿಸಿಕೊಳ್ಳಿ. ಆಮೇಲೆ ಸಣ್ಣ ಸಣ್ಣ ಪಾಲು ಮಾಡಿ, ಸೀರಣಿಗೆಯನ್ನ ನೆತ್ತಿಗೆ ತಾಗಿಸಿ ತುದಿಯವರೆಗೆ ಎಳೆದು, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಿ. ಸೀರು ಏಳೆಂಟು ದಿನದಲ್ಲಿ ಒಡೆದು ಮರಿ ಬರುತ್ತೆ, ಆದ್ದರಿಂದ ಒಂದು ಸಲ ಬಾಚಿ ಬಿಟ್ಟರೆ ಪ್ರಯೋಜನ ಇಲ್ಲ. ನಾಲ್ಕು ದಿನಕ್ಕೊಮ್ಮೆ ಎರಡು ವಾರ ಬಾಚಬೇಕು, ಮನೆಯಲ್ಲಿ ಜೊತೆಗೆ ಮಲಗೋ ಎಲ್ಲರ ತಲೆಯನ್ನೂ ಅದೇ ದಿನ ನೋಡಬೇಕು. ಅಂಗನವಾಡಿಗೆ ಒಂದೇ ಸೀರಣಿಗೆ ಇಟ್ಟುಕೊಳ್ಳೋದಾದರೆ ಮಗುವಿನಿಂದ ಮಗುವಿಗೆ ಹೋಗೋ ಮುಂಚೆ ಕೈ ಸುಡೋಷ್ಟು ಬಿಸಿ ನೀರಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ಮನೆಗೊಂದು ಕೊಂಡುಕೊಂಡರೆ ಆ ತಾಪತ್ರಯವೂ ಇಲ್ಲ.